ಟ್ಯಾಂಕಿನ ಕೆಳಗಿನ ಮರಿಗಳು

ನಮ್ಮ ಮನೆ ಮಲ್ಲತ್ತಹಳ್ಳಿ ಕೆರೆಯಿಂದ ಮೂರು ರಸ್ತೆ ಈಚೆಗೆ. ಕೆಳಗಿನ ಎರಡು ಅಂತಸ್ತಿನಲ್ಲಿ ಬಾಡಿಗೆಯವರು, ಮೂರನೆಯದರಲ್ಲಿ ಅಪ್ಪ, ಅಮ್ಮ, ನಾನು, ನನ್ನ ಹೆಂಡತಿ, ಅದರ ಮೇಲೆ ಟೆರೇಸು. ಮದುವೆ ಮನೆಗಳಲ್ಲಿ ನಮ್ಮನ್ನು ಇವತ್ತಿಗೂ 'ಹಳೇ ಊರಿನವರು' ಎಂದೇ ಪರಿಚಯ ಮಾಡಿಕೊಡುತ್ತಾರೆ. ಹೊಲವೆಲ್ಲ ಲೇಔಟಾಗಿ ಎಷ್ಟೋ ವರ್ಷವಾಯಿತು. ಹಟ್ಟಿಯಲ್ಲಿ ದನ ಇದ್ದದ್ದು ನನಗೆ ಮಸುಕು ನೆನಪು. ಕೋಳಿ ಸಾಕಿದ್ದು ಅಜ್ಜಿಯ ಕಾಲಕ್ಕೇ ಮುಗಿದಿತ್ತು. ಆದರೂ ದನ, ಕೋಳಿ, ಮಣ್ಣು ಇವೆಲ್ಲ ನಮ್ಮ ರಕ್ತದಲ್ಲೇ ಇವೆ, ಇನ್ನೊಬ್ಬರು ಹೇಳಿಕೊಡಬೇಕಾಗಿಲ್ಲ ಎಂಬ ಕೊಬ್ಬು ಮನೆಯಲ್ಲಿ ಎಲ್ಲರಿಗೂ ಇತ್ತು. ನನಗೆ ಸ್ವಲ್ಪ ಜಾಸ್ತಿಯೇ ಇತ್ತು.

ನನ್ನ ಹೆಂಡತಿ ಆಗ ಮೂರನೇ ಸಲ ಬಸುರಿ. ಮೊದಲಿನ ಎರಡೂ ಮೂರು ತಿಂಗಳು ದಾಟಿರಲಿಲ್ಲ. ಈ ಸಲ ನಾಲ್ಕು ತುಂಬಿದಾಗಲೂ ಮನೆಯಲ್ಲಿ ಯಾರೂ ಬಾಯಿಬಿಟ್ಟು ಸಂತೋಷ ಪಡಲಿಲ್ಲ. ಪಟ್ಟರೆ ಇದೂ ಕೈ ತಪ್ಪೀತು ಎಂದು ಭಯ. ಅವಳು ಶಾಲೆಯಲ್ಲಿ ಪಾಠ ಮಾಡುತ್ತಿದ್ದವಳು, ಬಸ್ಸಿನ ಓಡಾಟ ಬೇಡವೆಂದು ಡಾಕ್ಟರು ಹೇಳಿದ ಮೇಲೆ ರಜೆ ಹಾಕಿ ಮನೆಯಲ್ಲಿದ್ದಳು. ಅವಳ ತಾಯಿ ತೀರಿಕೊಂಡು ಬಹಳ ವರ್ಷವಾಗಿತ್ತು, ತವರಿನಲ್ಲಿ ಬಾಣಂತನ ಮಾಡುವ ಹೆಣ್ಣು ದಿಕ್ಕಿರಲಿಲ್ಲ. ಹಾಗಾಗಿ ಬಾಣಂತನ ನಮ್ಮ ಮನೆಯಲ್ಲೇ ಎಂದಾಯಿತು. ಅಮ್ಮ ಅದನ್ನು ಖುಷಿಯಿಂದಲೇ ಒಪ್ಪಿಕೊಂಡಳು, ಅದನ್ನು ನಾನು ಹೇಳಲೇಬೇಕು.

ನಮ್ಮ ಕಡೆ ಬಾಣಂತಿಗೆ ನಾಟಿ ಕೋಳಿ ಸಾರು ಕೊಡದಿದ್ದರೆ ಬಾಣಂತನ ಮಾಡಿದ ಹಾಗೇ ಅಲ್ಲ. "ಅಂಗಡೀಲಿ ನಾಟಿ ಅಂತ ಕೊಡೋದೆಲ್ಲ ಕ್ರಾಸು ಕಣೋ. ಮೂಳೆ ಕಡಿದ್ರೆ ಗೊತ್ತಾಗಲ್ವಾ? ಒಂದು ಹತ್ತು ಮರಿ ತಂದ್ಬಿಡು, ಮೇಲೆ ಸಾಕೋಣ. ಹೆರಿಗೆ ಹೊತ್ತಿಗೆ ಸರಿಹೋಗ್ತವೆ" ಎಂದಳು ಅಮ್ಮ. ಉಲ್ಲಾಳದ ಕಡೆಯಿಂದ ಮೊಪೆಡ್ಡಿನ ಮೇಲೆ ಬುಟ್ಟಿ ಕಟ್ಟಿಕೊಂಡು ಬರುವವನೊಬ್ಬನಿದ್ದ. ಮರಿ ಎಂದರೆ ಅರ್ಧಕ್ಕರ್ಧ ಸಾಯುತ್ತವೆ ಎಂದು ಯಾರೋ ಹೇಳಿದ್ದರು, ಅದನ್ನು ನಂಬಿ ನಾನು ಮೂವತ್ತು ತಂದೆ. ಸತ್ತದ್ದು ನಾಲ್ಕೇ. ಅಷ್ಟು ಚೆನ್ನಾಗಿ ಬದುಕಿಬಿಟ್ಟವಲ್ಲ ಎಂದು ನಾನು ಆಫೀಸಿನಲ್ಲೆಲ್ಲ ಜಂಬ ಕೊಚ್ಚಿಕೊಂಡೆ.

ನಾನು ವಿಜಯನಗರದ ಒಂದು ಆಫೀಸಿನಲ್ಲಿ ಮನೆಗಳ ನಕ್ಷೆ ಬರೆಯುವವನು. ಗೂಡಿಗೂ ನಕ್ಷೆ ಬರೆದೆ. ಟೆರೇಸಿನ ನೀರಿನ ಟ್ಯಾಂಕು ನಾಲ್ಕು ಸಿಮೆಂಟು ಕಂಬಗಳ ಮೇಲಿದೆ, ಅದರ ಕೆಳಗೆ ಸೊಂಟದೆತ್ತರದ ಜಾಗ. ಮೂರು ಕಡೆ ಜಾಲರಿ, ಬಿಸಿಲು ಬೀಳುವ ಕಡೆ ತಗಡು, ಒಂದು ಸಣ್ಣ ಬಾಗಿಲು, ಒಳಗೆ ಬೆಚ್ಚಗಿರಲೆಂದು ಒಂದು ದೊಡ್ಡ ಬಲ್ಬು. ಅಳತೆ ಅಂಗುಲದ ಲೆಕ್ಕದಲ್ಲಿ ಸರಿಯಾಗಿತ್ತು. ಮುಷ್ಟಿಯಷ್ಟಿದ್ದ ಮರಿಗೆ ಅಳತೆ ಹಾಕಿದ್ದೆ, ಅಷ್ಟೆ. ಮರಿ ಬೆಳೆಯುತ್ತದೆ ಎಂಬುದು ನನ್ನ ನಕ್ಷೆಯಲ್ಲಿ ಇರಲಿಲ್ಲ. ಆ ಬಲ್ಬನ್ನು ಮೊದಲ ವಾರಗಳು ಕಳೆದ ಮೇಲೆ ಆರಿಸಬೇಕು ಎಂಬುದೂ ಯಾರಿಗೂ ಹೊಳೆಯಲಿಲ್ಲ. ಬೇಸಿಗೆ ಬಂತು, ತಗಡು ಕಾಯತೊಡಗಿತು, ಬಲ್ಬು ಹಗಲೂ ರಾತ್ರಿ ಉರಿಯುತ್ತಲೇ ಇತ್ತು. ಹಾಕುತ್ತಿದ್ದದ್ದು ಅಕ್ಕಿ ನುಚ್ಚು, ಮಿಕ್ಕಿದ ಅನ್ನ, ಒಮ್ಮೊಮ್ಮೆ ರಾಗಿ.

ಹೆಂಡತಿ ದಿನಾ ಬೆಳಿಗ್ಗೆ ಮೇಲೆ ಹೋಗಿ ಜಾಲರಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಮನೆಯಲ್ಲಿ ಆ ಮರಿಗಳನ್ನು ನಿಜವಾಗಿ ನೋಡುತ್ತಿದ್ದವಳು ಅವಳೊಬ್ಬಳೇ. ನಾವು ಉಳಿದವರು ಎಣಿಸುತ್ತಿದ್ದೆವು. ಐದಾರು ವಾರ ಕಳೆದಿರಬೇಕು, ಒಂದು ದಿನ ನಾನು ಆಫೀಸಿಗೆ ಹೊರಟಾಗ ಅವಳು ನನ್ನನ್ನು ಮೇಲೆ ಕರೆದುಕೊಂಡು ಹೋಗಿ ತೋರಿಸಿದಳು. ಮರಿಗಳಿಗೆ ಬಾಲದ ಬುಡದಲ್ಲಿ ಎಳೆಗರಿ ಮೂಡುತ್ತಿದ್ದವು, ಬುಡವೆಲ್ಲ ಕಪ್ಪಗೆ ರಕ್ತ ತುಂಬಿಕೊಂಡ ಗರಿ. ಒಂದು ಮರಿ ಮತ್ತೊಂದರ ಹಿಂದೆ ನಿಂತು, ಅಂಥದೊಂದು ಗರಿಯನ್ನು ಕಿತ್ತು, ನುಂಗಿ, ಮತ್ತೆ ಅದೇ ಜಾಗಕ್ಕೆ ಕುಕ್ಕಿತು. ಕುಕ್ಕಿಸಿಕೊಂಡದ್ದು ಒಂದು ಹೆಜ್ಜೆ ಮುಂದೆ ಹೋಯಿತು. ಮುಂದೆ ಹೋಗಲು ಅದಕ್ಕಿಂತ ಹೆಚ್ಚು ಜಾಗವಿರಲಿಲ್ಲ.

"ಇವಕ್ಕೆ ಇಕ್ಕಟ್ಟಾಗಿದೆ ಕಣ್ರೀ. ಅರ್ಧಾನಾದ್ರೂ ಬೇರೆ ಕಡೆ ಬಿಡೋಣ" ಎಂದಳು.

"ಭಾನುವಾರ ನೋಡೋಣ" ಎಂದೆ. ಅಮ್ಮನನ್ನು ಕೇಳಿದರೆ, "ಮರಿ ಅಂದ್ಮೇಲೆ ಕಿತ್ತಾಡದೆ ಇರ್ತವಾ? ದೊಡ್ಡವಾದ್ಮೇಲೆ ಸರಿಹೋಗ್ತವೆ" ಎಂದಳು. ಭಾನುವಾರ ಬಂತು, ಹೋಯಿತು. ಅಷ್ಟರಲ್ಲಿ ನಾಲ್ಕೈದು ಮರಿಗಳ ಬೆನ್ನು ಬರಿದಾಗಿ ಗುಲಾಬಿ ಚರ್ಮ ಕಾಣುತ್ತಿತ್ತು. ಹೆಂಡತಿ ಮತ್ತೆ ಹೇಳಿದಳು. ನಾನು ಮತ್ತೆ ಮುಂದಿನ ಭಾನುವಾರ ಎಂದೆ. ಸೋಮಾರಿತನಕ್ಕೆ ನಾನು ಆಫೀಸಿನ ಕೆಲಸ ಎಂದು ಹೆಸರಿಟ್ಟುಕೊಂಡಿದ್ದೆ.

ಆ ಶನಿವಾರ ಸಂಜೆ ರಕ್ತ ಕಂಡಿತು. ಮರಿಗಳಲ್ಲೆಲ್ಲ ಚಿಕ್ಕದು, ಕಂದು ಬಣ್ಣದ್ದು, ಬಾಲದ ಬುಡ ಹಸಿಹಸಿಯಾಗಿತ್ತು. ಅಮ್ಮ ಮೇಲೆ ಬಂದು ನೋಡಿ ಒಂದು ಕ್ಷಣವೂ ಯೋಚಿಸಲಿಲ್ಲ. ಎಲೆಅಡಿಕೆ ಡಬ್ಬಿಯಿಂದ ಒಂದಿಷ್ಟು ಸುಣ್ಣ ತೆಗೆದು, ಅರಿಶಿನ ಸೇರಿಸಿ, ಅಂಗೈಯಲ್ಲಿ ತಿಕ್ಕಿ ಕಲಸಿದಳು. ಅರಿಶಿನಕ್ಕೆ ಸುಣ್ಣ ಬಿದ್ದರೆ ಏನಾಗುತ್ತದೆ ಎಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಆರತಿಯ ನೀರು ಕೆಂಪಾಗುವುದು ಅದರಿಂದಲೇ. ಕಾಲು ಉಳುಕಿದರೆ, ಕುರು ಎದ್ದರೆ, ಏಟು ಬಿದ್ದು ಊದಿದರೆ ನಮ್ಮ ಮನೆಯಲ್ಲಿ ಹಚ್ಚುವುದು ಅದನ್ನೇ. ನನ್ನ ಮೊಣಕಾಲಿಗೆ ಎಷ್ಟು ಸಲ ಹಚ್ಚಿಸಿಕೊಂಡಿದ್ದೇನೋ.

ಮರಿಯನ್ನು ಹಿಡಿದುಕೊಂಡವನು ನಾನು. ಅಮ್ಮನ ಅಂಗೈಯಿಂದ ಬೆರಳಲ್ಲಿ ತೆಗೆದು ಗಾಯಕ್ಕೆ ದಪ್ಪಗೆ ಮೆತ್ತಿದವನೂ ನಾನೇ. ಅದು ಉರಿಗೆ ಒದ್ದಾಡಿತು. ಹೆಂಡತಿ, "ಇವತ್ತೊಂದು ದಿನ ಬೇರೆ ಬುಟ್ಟೀಲಿ ಇಟ್ಕೊಳ್ಳೋಣ" ಎಂದಳು. "ಒಂದೇ ಇದ್ರೆ ಹೆದರಿ ಸಾಯುತ್ತೆ, ಜೊತೇಲೇ ಇರ್ಲಿ" ಎಂದು ಮರಿಯನ್ನು ವಾಪಸ್ಸು ಗೂಡಿಗೆ ಬಿಟ್ಟೆ. ಇಪ್ಪತ್ತೈದು ಮರಿಗಳ ನಡುವೆ, ಉರಿಯುವ ಬಲ್ಬಿನ ಕೆಳಗೆ, ಹಿಂಭಾಗಕ್ಕೆ ಕುಂಕುಮದಂಥ ಕೆಂಪು ಬಳಿದ ಒಂದು ಮರಿ. ಈಗ ಬರೆಯುವಾಗ ಎಷ್ಟು ದಡ್ಡತನ ಎಂದು ಕಾಣುತ್ತದೆ. ಆವತ್ತು ಕಾಣಲಿಲ್ಲ. ಕೈ ತೊಳೆದುಕೊಂಡು ಊಟಕ್ಕೆ ಇಳಿದೆವು.

ಮರುದಿನ ಬೆಳಿಗ್ಗೆ ಅಪ್ಪ ಅಮ್ಮ ಉಲ್ಲಾಳದಲ್ಲಿ ನೆಂಟರ ಮದುವೆಗೆಂದು ಬೇಗ ಹೊರಟರು. ನಾನು ಪೇಪರು ಹಿಡಿದು ಕೂತಿದ್ದೆ. ಟೆರೇಸಿನಿಂದ ಹೆಂಡತಿ ಒಂದೇ ಸಲ "ರೀ" ಎಂದಳು. ಕೂಗಿದ್ದಲ್ಲ, ಸುಮ್ಮನೆ ಕರೆದದ್ದು, ಆದರೆ ನಾನು ಮೆಟ್ಟಿಲು ಹಾರಿಕೊಂಡು ಹೋದೆ. ಅವಳಿಗೇ ಏನೋ ಆಯಿತೆಂದುಕೊಂಡಿದ್ದೆ.

ಆ ಕಂದು ಮರಿ ಮೂಲೆಯಲ್ಲಿ ತಲೆಯನ್ನು ಜಾಲರಿಗೆ ಒತ್ತಿ ನಿಂತಿತ್ತು. ಹಿಂದೆ ಬಾಲ ಇರಲಿಲ್ಲ, ಬಾಲ ಇದ್ದ ಕಡೆ ತೂತಾಗಿತ್ತು, ಒಳಗಿನದು ಹೊರಗೆ ಬಂದಿತ್ತು. ಒಂದಾದ ಮೇಲೆ ಒಂದು ಮರಿ ಬಂದು ಎಳೆದುಕೊಂಡು ಹೋಗುತ್ತಿತ್ತು. ಯಾವ ಮರಿಯಲ್ಲೂ ಸಿಟ್ಟಿರಲಿಲ್ಲ. ನುಚ್ಚು ತಿನ್ನುವಾಗ ಹೇಗಿರುತ್ತವೋ ಹಾಗೇ ಇದ್ದವು. ನನ್ನನ್ನು ಹೆದರಿಸಿದ್ದು ರಕ್ತವಲ್ಲ, ಆ ನೆಮ್ಮದಿ. ಮರಿ ಇನ್ನೂ ಬದುಕಿತ್ತು.

ಹೆಂಡತಿ ಬಾಗಿಲು ತೆಗೆದು, ತನ್ನ ವೇಲಿನಲ್ಲಿ ಅದನ್ನು ಸುತ್ತಿ ಹೊರಗೆ ತೆಗೆದಳು. "ಇದು ಉಳಿಯಲ್ಲ. ಬೇಗ ಮುಗಿಸಿಬಿಡಿ, ನೋವು ತಿಂತಾ ಇದೆ" ಎಂದು ನನ್ನ ಕಡೆ ಚಾಚಿದಳು.

ನಾನು ಕೈ ಹಿಂದಕ್ಕೆ ತಗೊಂಡೆ. ಹೆಂಡತಿ ಬಸುರಿಯಾಗಿದ್ದಾಗ ಗಂಡ ಜೀವ ತೆಗೆಯಬಾರದು. ನಮ್ಮಲ್ಲಿ ಇದು ಹೇಳಿಕೊಟ್ಟು ಬಂದದ್ದಲ್ಲ, ಎಲ್ಲರಿಗೂ ಗೊತ್ತಿರುವುದು. ಹಾವು ಕಂಡರೂ ಹೊಡೆಯುವಂತಿಲ್ಲ, ಹೆಣಕ್ಕೆ ಹೆಗಲು ಕೊಡುವಂತಿಲ್ಲ. ಮಾಡಿದರೆ ಅದು ಹೊಟ್ಟೆಯಲ್ಲಿರುವ ಮಗುವಿಗೆ ತಟ್ಟುತ್ತದೆ. ಮೊದಲಿನ ಎರಡು ಸಲವೂ ಹೀಗೇ ಏನೋ ತಪ್ಪಾಗಿರಬೇಕು ಎಂದು ಅಮ್ಮ ಹೇಳಿದ್ದಳು. ಓದಿದವನು, ನಂಬುವುದಿಲ್ಲ ಎಂದುಕೊಂಡು ತಿರುಗುತ್ತಿದ್ದವನು ನಾನು. ಆದರೆ ಎರಡು ಸಲ ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದವನ ನಂಬಿಕೆ ಅಪನಂಬಿಕೆಗಳಿಗೆ ಬೆನ್ನುಮೂಳೆ ಇರುವುದಿಲ್ಲ.

"ನನ್ನ ಕೈಯಿಂದ ಆಗಲ್ಲ. ಗೊತ್ತಲ್ವಾ ನಿಂಗೆ" ಎಂದೆ.

"ಹಂಗಾದ್ರೆ ಮೂಲೆ ಕೋಳಿ ಅಂಗಡಿಗೆ ತಗೊಂಡೋಗಿ ಕೊಡಿ. ಅವ್ನು ಒಂದು ನಿಮಿಷದಲ್ಲಿ ಮಾಡ್ತಾನೆ."

"ನಾನು ಕೊಟ್ರೂ ನಾನು ಮಾಡ್ದಂಗೇ ಅಲ್ವಾ?"

"ಹೋದ ಭಾನುವಾರ ಅದೇ ಅಂಗಡೀಲಿ ನಿಂತು ಕೊಯ್ಸಿಕೊಂಡು ಬಂದ್ರಲ್ಲ?"

"ಅದು ಬೇರೆ" ಎಂದೆ. ಅಮ್ಮನಿಗೆ ಫೋನು ಮಾಡಿದೆ. ಮದುವೆ ಮನೆಯ ವಾಲಗದ ನಡುವೆ ಅಮ್ಮ, "ನೀನು ಮುಟ್ಬೇಡ ಕಣೋ. ಬುಟ್ಟಿ ಕವುಚಿ ಹಾಕು, ತಾನಾಗೇ ಹೋಗುತ್ತೆ" ಎಂದಳು. ಹಾಗೇ ಮಾಡಿದೆ. ಹೆಂಡತಿಯ ಕೈಯಿಂದ ಮರಿ ಇಸಿದುಕೊಂಡು, ನೆಲದ ಮೇಲಿಟ್ಟು, ಬುಟ್ಟಿ ಕವುಚಿ, ಕೆಳಗೆ ಬಂದು ಟೀವಿ ಹಾಕಿದೆ. ಬುಟ್ಟಿಯೊಳಗಿನ ಸದ್ದು ಮೂರನೇ ಅಂತಸ್ತಿಗೆ ಕೇಳುವುದು ಸಾಧ್ಯವಿಲ್ಲ. ನನಗೆ ಕೇಳುತ್ತಿತ್ತು. ಟೀವಿಯ ದನಿ ಏರಿಸಿದೆ.

ಮುಕ್ಕಾಲು ಗಂಟೆ ಬಿಟ್ಟು ಮೇಲೆ ಹೋದೆ. ಹೆಂಡತಿ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಳು. ಬುಟ್ಟಿ ಪಕ್ಕಕ್ಕಿತ್ತು, ವೇಲು ಸುತ್ತಿದ ಗಂಟು ನೆಲದ ಮೇಲಿತ್ತು, ಅಲುಗುತ್ತಿರಲಿಲ್ಲ.

"ಆಯ್ತು. ಕತ್ತು ತಿರುಗಿಸ್ದೆ. ನಂಗೆ ಬರಲ್ಲ, ಎರಡು ಸಲ ತಿರುಗಿಸಬೇಕಾಯ್ತು" ಎಂದಳು. ಆರು ತಿಂಗಳ ಹೊಟ್ಟೆ ಹೊತ್ತವಳು ಆ ಬಿಸಿಲಿನಲ್ಲಿ ಒಬ್ಬಳೇ ಕೂತು, ಬಾರದ ಕೆಲಸವನ್ನು ಮಾಡಿ ಮುಗಿಸಿದ್ದಳು. ನಾನು ಅವಳನ್ನು ಹಿಡಿದುಕೊಳ್ಳಬೇಕಿತ್ತು. ನನ್ನ ಬಾಯಿಂದ ಬಂದದ್ದು, "ಅಮ್ಮಂಗೆ ಹೇಳ್ಬೇಡ. ತಾನಾಗೇ ಹೋಯ್ತು ಅಂತ ನಾನೇ ಹೇಳ್ತೀನಿ." ಅವಳು ನನ್ನನ್ನೇ ನೋಡಿ, "ಸರಿ" ಎಂದಳು. ಸಂಜೆ ಅಮ್ಮನಿಗೆ ಹಾಗೇ ಹೇಳಿದೆ, ಅಮ್ಮ ನಂಬಿದಳು.

ಸೋಮವಾರ ರಜೆ ಹಾಕಿ, ಬೆನ್ನು ಬರಿದಾದ ಒಂದು ಮರಿಯನ್ನು ರಟ್ಟಿನ ಡಬ್ಬದಲ್ಲಿಟ್ಟುಕೊಂಡು ಪಶು ಆಸ್ಪತ್ರೆಗೆ ಹೋದೆ. ಅಲ್ಲಿದ್ದ ಡಾಕ್ಟರಮ್ಮ ನನ್ನ ಕಥೆ ಪೂರ್ತಿ ಕೇಳಿದರು. ಎಷ್ಟು ಮರಿ, ಎಷ್ಟು ಜಾಗ, ಏನು ತಿನ್ನಿಸುತ್ತೀರಿ, ಬಲ್ಬು ಎಷ್ಟು ಹೊತ್ತು ಉರಿಯುತ್ತದೆ ಎಂದೆಲ್ಲ ಕೇಳಿ, ನನ್ನ ಒಂದೊಂದು ಉತ್ತರಕ್ಕೂ ತಲೆ ಆಡಿಸಿದರು. ಅರಿಶಿನ ಸುಣ್ಣದ ಮಾತು ಬಂದಾಗ, "ಎಲ್ಲರ ಮನೇಲೂ ಅದೇ ಸಾರ್. ಕೋಳಿಗೆ ಕೆಂಪು ಕಂಡ್ರೆ ಸಾಕು, ಕುಕ್ಕುತ್ತೆ. ನೀವು ಗಾಯ ವಾಸಿ ಮಾಡ್ಲಿಲ್ಲ, ಇಲ್ಲಿ ಕುಕ್ಕಿ ಅಂತ ಗುರುತು ಹಾಕಿದ್ರಿ" ಎಂದರು. ಗಾಯದ ಕೆಂಪು ಕಾಣದ ಹಾಗೆ ಹಚ್ಚಲು ನೇರಳೆ ಬಣ್ಣದ ಔಷಧಿ ಬರೆದುಕೊಟ್ಟರು.

"ಯಾವುದು ಶುರು ಮಾಡ್ತು ಅಂತ ಹುಡುಕ್ತಾ ಕೂರಬೇಡಿ" ಎಂದೂ ಹೇಳಿದರು. "ಒಂದು ಸಲ ರುಚಿ ಹತ್ತಿದ್ರೆ ಎಲ್ಲವೂ ಮಾಡ್ತವೆ. ಗಾಯ ಆಗಿರೋದನ್ನ ಮೊದಲು ಆಚೆ ತೆಗೀರಿ. ತಡ ಮಾಡ್ಬೇಡಿ."

ಅವರು ಹೇಳಿದ್ದನ್ನೆಲ್ಲ ಮಾಡಿದೆವು. ಬಲ್ಬು ಆರಿಸಿದೆವು. ಹತ್ತು ಮರಿಗಳನ್ನು ನೆಂಟರೊಬ್ಬರ ತೋಟಕ್ಕೆ ಕೊಟ್ಟೆವು, ಉಳಿದವಕ್ಕೆ ಹಗಲೆಲ್ಲ ಟೆರೇಸು ಬಿಟ್ಟೆವು. ಕಡಲೆಕಾಯಿ ಹಿಂಡಿ, ಒಣಮೀನಿನ ಪುಡಿ ತಿನ್ನಿಸಿದೆವು, ಕುಕ್ಕಲೆಂದು ಸೊಪ್ಪಿನ ಕಟ್ಟನ್ನು ಹಗ್ಗದಲ್ಲಿ ತೂಗುಹಾಕಿದೆವು. ಎರಡು ವಾರಕ್ಕೆ ಕುಕ್ಕುವುದು ನಿಂತಿತು, ತಿಂಗಳೊಪ್ಪತ್ತಿನಲ್ಲಿ ಹೊಸ ಪುಕ್ಕ ಬಂತು. ಅಷ್ಟು ಸುಲಭವಿತ್ತು. ಎರಡು ಭಾನುವಾರ ಮೊದಲೇ ಮಾಡಬಹುದಾಗಿದ್ದ ಕೆಲಸ.

ಹೆರಿಗೆ ಸುಸೂತ್ರವಾಯಿತು. ಹೆಣ್ಣು ಮಗು, ತುಂಬಿದ ತಿಂಗಳಿಗೇ ಹುಟ್ಟಿತು, ಚೆನ್ನಾಗಿ ಅತ್ತಿತು. ಆಸ್ಪತ್ರೆಯ ಕಾರಿಡಾರಿನಲ್ಲಿ ಅಪ್ಪ ಹೆಗಲ ಮೇಲಿನ ಟವಲಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ಅದೇ ಮೊದಲು ನೋಡಿದ್ದು. ಅಮ್ಮ ಬಾಣಂತನವನ್ನು ನಿಷ್ಠೆಯಿಂದ ಮಾಡಿದಳು. ಬಿಸಿನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ನಾವೇ ಸಾಕಿದ ಕೋಳಿಯ ಸಾರು. ಹೆಂಡತಿ ಹಾಕಿದ್ದನ್ನೆಲ್ಲ ಉಂಡಳು.

ಮೂರನೇ ವಾರದಲ್ಲಿ ಮಗುವಿಗೆ ಎಣ್ಣೆ ಸ್ನಾನ ಮಾಡಿಸುತ್ತಿದ್ದ ಅಮ್ಮ ನನ್ನನ್ನು ಕರೆದಳು. ಮಗು ಒಂದೇ ಕಡೆ ನೋಡುತ್ತಿತ್ತು. ತಲೆ ಎಡಕ್ಕೆ ವಾಲಿತ್ತು, ಗದ್ದ ಬಲಕ್ಕೆ ತಿರುಗಿತ್ತು. ನೇರ ಮಾಡಿ ಕೈ ಬಿಟ್ಟರೆ ಮತ್ತೆ ಹಾಗೇ ತಿರುಗಿಕೊಳ್ಳುತ್ತಿತ್ತು. ಕತ್ತಿನ ಪಕ್ಕದಲ್ಲಿ ಅಡಿಕೆಯಷ್ಟು ಗಂಟು ಕೈಗೆ ಸಿಗುತ್ತಿತ್ತು.

ಮಕ್ಕಳ ಡಾಕ್ಟರು ಗಾಬರಿಯಾಗಲಿಲ್ಲ. ಕತ್ತಿನ ಒಂದು ಸ್ನಾಯು ಬಿಗಿದುಕೊಂಡಿದೆ, ಎಷ್ಟೋ ಮಕ್ಕಳಿಗೆ ಹೀಗಾಗುತ್ತದೆ, ದಿನಾ ವ್ಯಾಯಾಮ ಮಾಡಿಸಿದರೆ ಹೆಚ್ಚಿನ ಮಕ್ಕಳಿಗೆ ವರ್ಷದೊಳಗೆ ಸರಿಹೋಗುತ್ತದೆ ಎಂದರು. ಹೆಂಡತಿ ಎಲ್ಲವನ್ನೂ ಎರಡೆರಡು ಸಲ ಕೇಳಿ ತಿಳಿದುಕೊಂಡಳು. ವಾಪಸ್ಸು ಬರುವಾಗ ಆಟೋದಲ್ಲಿ ನನಗೂ ಧೈರ್ಯ ಬಂದಿತ್ತು. ಆ ಧೈರ್ಯ ಮನೆ ಬಾಗಿಲವರೆಗೆ ಇತ್ತು.

ಅಮ್ಮ ನಡುಮನೆಯಲ್ಲಿ ಕಾಯುತ್ತಾ ಕೂತಿದ್ದಳು. ಹೆಂಡತಿ ಮಗುವಿಗೆ ಹಾಲು ಕೊಡಲು ಕೋಣೆಗೆ ಹೋದ ಮೇಲೆ, ಅಮ್ಮ ದನಿ ತಗ್ಗಿಸಿ ಕೇಳಿದಳು. "ಸ್ನಾಯು ಗೀಯು ಎಲ್ಲ ಆಮೇಲೆ. ನಿಜ ಹೇಳು, ನೀನೇನಾದ್ರೂ ಮಾಡಿದ್ಯೇನೋ? ಅವತ್ತು ಆ ಮರಿ ತಾನಾಗೇ ಸತ್ತಿದ್ದಾ? ನೀನು ಕತ್ತು ಮುರಿದ್ಯಾ?"

ಅಪ್ಪನೂ ನನ್ನ ಕಡೆ ತಿರುಗಿದ. ಇಬ್ಬರ ಕಣ್ಣೂ ನನ್ನ ಮೇಲೆ. ಇಲ್ಲ ಎಂದಿದ್ದರೆ ಸಾಕಿತ್ತು. ಹೌದು, ನಾನೇ ಎಂದಿದ್ದರೆ ಇನ್ನೂ ಒಳ್ಳೆಯದಿತ್ತು. ಹೆತ್ತವರು ಮಗನನ್ನು ನಾಲ್ಕು ದಿನ ಬೈದು ಸುಮ್ಮನಾಗುತ್ತಿದ್ದರು.

"ನಾನಲ್ಲಮ್ಮ" ಎಂದೆ. "ಅವಳು ಮಾಡಿದ್ದು. ನಾನು ಬೇಡ ಅಂದಿದ್ದೆ."

ನಮ್ಮ ಕೋಣೆಗೆ ಆಗ ಬಾಗಿಲು ಹಾಕಿರಲಿಲ್ಲ, ಪರದೆ ಮಾತ್ರ ಎಳೆದಿತ್ತು. ಹಾಲು ಕುಡಿಯುತ್ತಿದ್ದ ಮಗುವನ್ನು ತಟ್ಟುತ್ತಿದ್ದ ಅವಳ ಕೈಯ ಸದ್ದು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರುವಾಯಿತು.

ಆಮೇಲೆ ನಡೆದದ್ದಕ್ಕೆ ಯಾರನ್ನು ಬೈಯಲಿ? ಅಮ್ಮ ಕೂಗಾಡಲಿಲ್ಲ. ತನ್ನ ತಂಗಿಯ ಹತ್ತಿರ ಹೇಳಿಕೊಂಡು ಅತ್ತಳು, ಅಷ್ಟೆ. ಮಗು ನೋಡಲು ಬಂದವರೆಲ್ಲ ಹಣ್ಣು, ಸ್ವೆಟರು, ಬೆಳ್ಳಿ ಬಟ್ಟಲು ತಂದರು. ಮಗುವನ್ನು ಎತ್ತಿಕೊಂಡು ಮುದ್ದು ಮಾಡಿ, ಕುಲಾವಿಯ ದಾರ ಸರಿಸಿ ಕತ್ತು ನೋಡಿದರು. ಒಬ್ಬರು, "ಬಸುರೀಲಿ ಸ್ವಲ್ಪ ಹುಷಾರಾಗಿರಬೇಕಿತ್ತು ಕಣಮ್ಮ" ಎಂದರು. ಇನ್ನೊಬ್ಬರು, "ಓದಿದ ಹುಡುಗೀರಿಗೆ ಹೇಳೋರ್ಯಾರು" ಎಂದರು. ಮತ್ತೊಬ್ಬರು, "ಪಾಪ, ತಾಯಿ ಇದ್ದಿದ್ರೆ ಹೇಳಿಕೊಡ್ತಿದ್ಲು" ಎಂದರು. ಒಬ್ಬೊಬ್ಬರದು ಒಂದೊಂದೇ ಮಾತು. ಯಾರಲ್ಲೂ ಸಿಟ್ಟಿರಲಿಲ್ಲ. ಕಾಫಿ ಕುಡಿದು ನಗುನಗುತ್ತಾ ಹೋದರು. ಮೊದಲು ಕುಕ್ಕಿದವನು ನಾನು, ಅದು ಮನೆಯಲ್ಲಿ ನನಗೆ ಮತ್ತು ಅವಳಿಗೆ ಮಾತ್ರ ಗೊತ್ತಿತ್ತು.

ಹೆಂಡತಿ ದಿನಕ್ಕೆ ಐದಾರು ಸಲ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಡಾಕ್ಟರು ತೋರಿಸಿದ ಹಾಗೆ ಒಂದು ಕೈಯಲ್ಲಿ ಭುಜ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ತಲೆಯನ್ನು ಮೆಲ್ಲಗೆ ತಿರುಗಿಸುತ್ತಿದ್ದಳು. ಮಗು ಕಿರುಚುತ್ತಿತ್ತು. ಮನೆಯಲ್ಲಿದ್ದವರು ಅವಳ ಕೈಯನ್ನು ನೋಡುತ್ತಾ ನಿಂತಿರುತ್ತಿದ್ದರು. ಆ ಕೈಗಳು ಆವತ್ತು ಟೆರೇಸಿನಲ್ಲಿ ಮಾಡಿದ್ದು ಎಲ್ಲರ ಮನಸ್ಸಿನಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಅವಳು ಲೆಕ್ಕ ತಪ್ಪದೆ ತಿರುಗಿಸಿ, ಮಗುವನ್ನು ಎದೆಗೆ ಹಾಕಿಕೊಂಡು, ಗೋಡೆಯ ಕಡೆ ತಿರುಗಿ ಕೂರುತ್ತಿದ್ದಳು.

ಮೂರು ತಿಂಗಳು ತುಂಬಿದ ಮೇಲೆ ಮಾರಮ್ಮನಿಗೆ ತಪ್ಪು ಕಾಣಿಕೆ ಒಪ್ಪಿಸಬೇಕು ಎಂದು ಅಮ್ಮ ಹೇಳಿದಳು. ಒಂದು ಕೋಳಿ ಮರಿ ಕೊಂದ ತಪ್ಪಿಗೆ ಕಾಣಿಕೆ ಏನು ಎಂದರೆ ಒಂದು ಹುಂಜ, ಟೆರೇಸಿನಲ್ಲಿ ಉಳಿದಿದ್ದವುಗಳಲ್ಲೇ ಚೆನ್ನಾಗಿದ್ದದ್ದು. ಇದನ್ನು ಕೇಳಿ ನನಗೆ ನಗು ಬರಬೇಕಿತ್ತು. ಗುಡಿಯ ಮುಂದೆ ಹುಂಜ ಕೊಯ್ದರು. ಅಮ್ಮ ಹೇಳಿಕೊಟ್ಟ ಹಾಗೆ ಹೆಂಡತಿ ಮಗುವನ್ನೆತ್ತಿಕೊಂಡು ಗರ್ಭಗುಡಿಯ ಎದುರು ನಿಂತು, "ತಪ್ಪಾಯ್ತು ತಾಯಿ" ಎಂದಳು. "ಜೋರಾಗಿ ಹೇಳಮ್ಮ" ಎಂದರು ಯಾರೋ. ಅವಳು ಮತ್ತೊಂದು ಸಲ ಜೋರಾಗಿ ಹೇಳಿದಳು. ನಾನು ಎರಡಡಿ ಪಕ್ಕದಲ್ಲಿ ಚಪ್ಪಲಿ ಬಿಟ್ಟು, ಕೈ ಮುಗಿದುಕೊಂಡು ನಿಂತಿದ್ದೆ. ನನ್ನ ಜೀವನದಲ್ಲಿ ನಾನು ನಾಚಿಕೆಪಡಬೇಕಾದ್ದು ಬೇಕಾದಷ್ಟಿದೆ. ಆ ಎರಡಡಿಯಷ್ಟು ನಾಚಿಕೆ ಇನ್ನಾವುದರಲ್ಲೂ ಆಗಿಲ್ಲ.

ಅದಾದ ಮೇಲೆ ನಾವು ಬೇರೆ ಮನೆ ಮಾಡಿದೆವು. ಗಾಯವಾದದ್ದನ್ನು ಆಚೆ ತೆಗೆಯಲು ತಡ ಮಾಡಬೇಡಿ ಎಂದು ಪಶು ಆಸ್ಪತ್ರೆಯ ಡಾಕ್ಟರಮ್ಮ ಹೇಳಿದ್ದರು, ನಾನು ತಡ ಮಾಡಿಯೇ ಮಾಡಿದೆ. ಕೆಂಗೇರಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಮೆಟ್ರೊಗೆ ಹತ್ತು ನಿಮಿಷದ ನಡಿಗೆ. ಅಮ್ಮನಿಗೆ ಕಾರಣ ಅರ್ಥವಾಗಲಿಲ್ಲ. ಸ್ವಂತ ಮನೆ ಇದ್ದೂ ಬಾಡಿಗೆಗೆ ಹೋಗುವುದು ಯಾವ ಊರ ನ್ಯಾಯ ಎಂದು ಅತ್ತಳು, ಈಗ ಹದಿನೈದು ದಿನಕ್ಕೊಮ್ಮೆ ತಿಂಡಿ ಡಬ್ಬಿ ಕಟ್ಟಿಕೊಂಡು ಬಂದು ಮೊಮ್ಮಗಳನ್ನು ಆಡಿಸಿ ಹೋಗುತ್ತಾಳೆ. ಹೊಸ ಮನೆಯಲ್ಲಿ ನಾನು ಒಂದು ಸಲ ಕ್ಷಮೆ ಕೇಳಿದೆ. ಬೇಳೆ ತೊಳೆಯುತ್ತಿದ್ದವಳು ಕೈ ನಿಲ್ಲಿಸದೆ, "ಬಿಡಿ" ಎಂದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು, ಅದು ಅವಳಿಗೂ ಗೊತ್ತಿತ್ತು ಎಂದು ಕಾಣುತ್ತದೆ.

ಡಾಕ್ಟರು ಹೇಳಿದಂತೆಯೇ ವರ್ಷದೊಳಗೆ ಮಗುವಿನ ಕತ್ತು ನೇರವಾಯಿತು. ಗಂಟು ಕರಗಿತು. ಮಗಳಿಗೆ ಈಗ ಮೂರು ವರ್ಷ, ಎರಡೂ ಕಡೆ ತಲೆ ತಿರುಗಿಸಿ ಇಡೀ ಬೀದಿಯನ್ನೇ ನೋಡುತ್ತಾಳೆ. ಆದರೆ ಮನೆಗೆ ಯಾರೇ ಬರಲಿ, ಕೊರಿಯರಿನವನಿರಲಿ, ಪಕ್ಕದ ಮನೆಯ ಆಂಟಿ ಇರಲಿ, ನನ್ನ ಅಮ್ಮನೇ ಇರಲಿ, ಹೆಂಡತಿ ಬಾಗಿಲು ತೆಗೆದವಳು ಮೊದಲು ಮಗುವನ್ನು ಅವರ ಕಡೆ ತಿರುಗಿಸುತ್ತಾಳೆ. ಗದ್ದ ಹಿಡಿದು ಎತ್ತಿ, "ನೋಡಿ, ನೆಟ್ಟಗಿದೆ" ಎನ್ನುತ್ತಾಳೆ. ಕೊರಿಯರಿನವನು ಏನೂ ತಿಳಿಯದೆ ನಕ್ಕು ಸಹಿ ಹಾಕಿಸಿಕೊಂಡು ಹೋಗುತ್ತಾನೆ.

ಸಂಜೆ ನಾನು ಕೆಲಸದಿಂದ ಬಂದು ಬೆಲ್ಲು ಒತ್ತಿದಾಗಲೂ ಅಷ್ಟೆ. ಅವಳು ಬಾಗಿಲಿಗೆ ಅಡ್ಡ ನಿಂತು ಮಗಳ ಗದ್ದ ಎತ್ತಿ, "ನೋಡಿ, ನೆಟ್ಟಗಿದೆ" ಎನ್ನುತ್ತಾಳೆ. ನಾನು ಚಪ್ಪಲಿ ಬಿಡದೆ, ಬ್ಯಾಗು ಇಳಿಸದೆ ನಿಂತು ನೋಡಿ, "ಹೂಂ, ನೆಟ್ಟಗಿದೆ" ಎನ್ನುತ್ತೇನೆ. ಆಮೇಲೆ ಅವಳು ಪಕ್ಕಕ್ಕೆ ಸರಿದು ನನ್ನನ್ನು ಒಳಗೆ ಬಿಡುತ್ತಾಳೆ.